ಎಚ್‌ಪಿವಿ ಪರೀಕ್ಷೆಗೆ ಸ್ಯಾಂಪಲ್ ನೀವೇ ತೆಗೆಯಬಹುದಾ, ಡಾಕ್ಟರೇ ತೆಗೆಯಬೇಕಾ?

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಬೇಕಾದ ಸ್ಯಾಂಪಲ್ ಅನ್ನು ಹೆಂಗಸರು ತಾವೇ ತೆಗೆದು ಕೊಡಬಹುದು ಅಂದರೆ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ: 'ನಾನು ತೆಗೆದದ್ದರಲ್ಲಿ ರಿಸಲ್ಟ್ ಸರಿಯಾಗಿ ಬರುತ್ತಾ? ಡಾಕ್ಟರ್ ತೆಗೆದಷ್ಟು ನಂಬಬಹುದಾ?'

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಡಿಎನ್ಎಯನ್ನು ಲ್ಯಾಬ್‌ನಲ್ಲಿ ಪಿಸಿಆರ್ ವಿಧಾನದಿಂದ ಹುಡುಕುವುದಾದರೆ ನಂಬಬಹುದು. ಬೇರೆ ವಿಧಾನವಾದರೆ ಸ್ವಲ್ಪ ಹಿಂದೆ ಬೀಳುತ್ತದೆ. ಅಂದರೆ ಸ್ಯಾಂಪಲ್ ತೆಗೆದ ಕೈ ಯಾರದು ಅನ್ನುವುದಕ್ಕಿಂತ, ಅದನ್ನು ಓದುವ ಪರೀಕ್ಷೆ ಯಾವುದು ಅನ್ನುವುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ: ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆಗೆ ನೀವು ಹೋಗುತ್ತೀರಾ ಇಲ್ಲವಾ ಅನ್ನುವುದು.

ಸ್ವಂತ ಸ್ಯಾಂಪಲ್ ಕೆಲಸ ಮಾಡುವುದು ಹೇಗೆ

ಈ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದರಲ್ಲಿ ನೂರಾರು ಬಗೆಗಳಿವೆ, ಅಪಾಯದವು ಹನ್ನೆರಡು ಹದಿನಾಲ್ಕು. ಅವುಗಳಲ್ಲೂ 16 ಮತ್ತು 18 ಎಂಬ ಎರಡು ಬಗೆಗಳೇ ಸುಮಾರು ಶೇ. 70ರಷ್ಟು ಗರ್ಭಕಂಠದ (ಅಂದರೆ ಗರ್ಭಕೋಶದ ಬಾಯಿಯ) ಕ್ಯಾನ್ಸರ್‌ಗೆ ಕಾರಣ. ವೈರಸ್ ಇರುವ ಜೀವಕೋಶಗಳು ಗರ್ಭಕೋಶದ ಬಾಯಿಂದ ಸದಾ ಉದುರಿ ಯೋನಿಗೆ ಬರುತ್ತಿರುತ್ತವೆ. ಹಾಗಾಗಿ ಯೋನಿಯೊಳಗೆ ಒಂದು ಸ್ವ್ಯಾಬ್ ಅಥವಾ ಮೆತ್ತನೆಯ ಬ್ರಷ್ ಹಾಕಿ ತಿರುಗಿಸಿದರೆ ವೈರಸ್‌ನ ಡಿಎನ್ಎ ಅದಕ್ಕೆ ಅಂಟುತ್ತದೆ. ಗರ್ಭಕೋಶದ ಬಾಯಿಯನ್ನು ಕಣ್ಣಿಂದ ನೋಡಬೇಕಾಗಿಲ್ಲ, ಒಳಗೆ ನೋಡಲು ಯೋನಿಯನ್ನು ಅಗಲಿಸುವ ಸಾಧನ (ಸ್ಪೆಕ್ಯುಲಮ್) ಬೇಡ.

ಪ್ಯಾಪ್ ಸ್ಮಿಯರ್ ಹಾಗಲ್ಲ. ಅಲ್ಲಿ ನೋಡುವುದು ವೈರಸ್ ಅನ್ನಲ್ಲ, ಜೀವಕೋಶದ ಆಕಾರವನ್ನು. ಅದಕ್ಕೆ ಗರ್ಭಕೋಶದ ಬಾಯಿಂದಲೇ ಕೆರೆದು ತೆಗೆದ ಒಳ್ಳೆಯ ಜೀವಕೋಶಗಳು ಬೇಕು. ಯೋನಿಯಿಂದ ನೀವೇ ತೆಗೆದ ಸ್ಯಾಂಪಲ್ ಅದಕ್ಕೆ ಆಗುವುದಿಲ್ಲ. ಯಾರಾದರೂ 'ಮನೆಯಲ್ಲೇ ಪ್ಯಾಪ್ ಸ್ಮಿಯರ್' ಅಂತ ಕಿಟ್ ಮಾರಿದರೆ ಅಲ್ಲೇ ನಿಲ್ಲಿಸಿ, ನಿಜವಾಗಿ ಯಾವ ಪರೀಕ್ಷೆ ಮಾಡುತ್ತೀರಿ ಅಂತ ಕೇಳಿ.

ನಿಖರತೆ ಅಂದರೆ ಎರಡು ಲೆಕ್ಕ

ಪರೀಕ್ಷೆ ಒಳ್ಳೆಯದಾ ಅನ್ನಲು ಎರಡು ವಿಷಯ ನೋಡಬೇಕು. ಒಂದು, ಕಾಯಿಲೆ ಇದ್ದವರನ್ನು ಎಷ್ಟು ಹಿಡಿಯುತ್ತದೆ. ಎರಡು, ಕಾಯಿಲೆ ಇಲ್ಲದವರನ್ನು ಎಷ್ಟು ಸುಮ್ನೆ ಹೆದರಿಸುತ್ತದೆ. ಇಲ್ಲಿ ಕಾಯಿಲೆ ಅಂದರೆ ಕ್ಯಾನ್ಸರ್ ಮಾತ್ರವಲ್ಲ. ಕ್ಯಾನ್ಸರ್‌ಗೆ ಮುಂಚಿನ ಗಂಭೀರ ಬದಲಾವಣೆಯೂ ಸೇರಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ಸಿಐಎನ್ 2, ಸಿಐಎನ್ 3 ಅಂತ ಬರೆಯುವುದು ಇದನ್ನೇ.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಇದರ ಬಗ್ಗೆ 56 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿತು. ಪಿಸಿಆರ್ ಬಳಸಿದಾಗ, ಡಾಕ್ಟರ್ ತೆಗೆದ ಸ್ಯಾಂಪಲ್‌ನಲ್ಲಿ 100 ಜನರ ಕಾಯಿಲೆ ಸಿಕ್ಕರೆ ಸ್ವಂತ ಸ್ಯಾಂಪಲ್‌ನಲ್ಲಿ 99 ಜನರದ್ದು ಸಿಕ್ಕಿತು. ಸಮ ಅಂತಲೇ ಅನ್ನಬಹುದು.

ಎರಡನೇ ಲೆಕ್ಕದಲ್ಲಿ ಸ್ವಂತ ಸ್ಯಾಂಪಲ್ ಒಂದು ಕೂದಲೆಳೆ ಹಿಂದೆ. ಕಾಯಿಲೆ ಇಲ್ಲದವರಿಗೆ 'ಇಲ್ಲ' ಎಂದು ಸರಿಯಾಗಿ ಹೇಳುವ ಪ್ರಮಾಣ ಸುಮಾರು ಶೇ. 2ರಷ್ಟು ಕಡಿಮೆ. ಕಾರಣ ಸರಳ. ಯೋನಿಯ ಗೋಡೆಯಲ್ಲಿ ಮಾತ್ರ ಇರುವ, ಗರ್ಭಕೋಶದ ಬಾಯಿಗೆ ಏನೂ ಮಾಡದ ಎಚ್‌ಪಿವಿಯೂ ಸ್ವ್ಯಾಬ್‌ಗೆ ಸಿಕ್ಕಿಬಿಡುತ್ತದೆ. ಸಾವಿರ ಹೆಂಗಸರನ್ನು ಪರೀಕ್ಷಿಸಿದರೆ ಇದರಿಂದ ಹದಿನೈದು ಇಪ್ಪತ್ತು ಜನ ಜಾಸ್ತಿ ಮುಂದಿನ ಪರೀಕ್ಷೆಗೆ ಹೋಗಬೇಕಾಗುತ್ತದೆ ಅಂತ ಇಟ್ಟುಕೊಳ್ಳಿ. ತೊಂದರೆ ಅಲ್ವಾ ಅಂದರೆ, ಸ್ವಲ್ಪ ತೊಂದರೆಯೇ. ಆದರೆ ಕಾಯಿಲೆ ತಪ್ಪಿಹೋಗುವ ತೊಂದರೆಯಲ್ಲ.

ಯಂತ್ರದಲ್ಲಿರುವ ವ್ಯತ್ಯಾಸ

ಜಾಹೀರಾತಿನಲ್ಲಿ 'ಎಚ್‌ಪಿವಿ ಟೆಸ್ಟ್' ಅಂತಷ್ಟೇ ಇರುತ್ತದೆ. ಒಳಗೆ ಮೂರು ಬೇರೆ ಬೇರೆ ದಾರಿಗಳಿವೆ.

ಮೊದಲನೆಯದು ಪಿಸಿಆರ್. ಕೋವಿಡ್ ಕಾಲದಿಂದ ಈ ಹೆಸರು ಎಲ್ಲರಿಗೂ ಗೊತ್ತು. ಒಂದು ಚೀಟಿಯನ್ನು ಕೋಟಿ ಸಲ ಜೆರಾಕ್ಸ್ ಮಾಡಿದ ಹಾಗೆ, ಸ್ಯಾಂಪಲ್‌ನಲ್ಲಿರುವ ವೈರಸ್ ಡಿಎನ್ಎಯ ಚೂರನ್ನೇ ಇದು ಹೆಚ್ಚಿಸುತ್ತಾ ಹೋಗುತ್ತದೆ. ಸ್ವಂತ ಸ್ಯಾಂಪಲ್‌ನಲ್ಲಿ ಸಾಮಾನ್ಯವಾಗಿ ವೈರಸ್ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಇದರ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಎರಡನೆಯದು ಹಳೆಯ ದಾರಿ. ಇಲ್ಲಿ ಡಿಎನ್ಎಯನ್ನು ಹೆಚ್ಚಿಸುವುದಿಲ್ಲ, ಅದರಿಂದ ಬರುವ ಬೆಳಕಿನ ಸಂಕೇತವನ್ನು ಮಾತ್ರ ಹೆಚ್ಚಿಸುತ್ತಾರೆ. ಹೈಬ್ರಿಡ್ ಕ್ಯಾಪ್ಚರ್ ಇದರಲ್ಲಿ ಹೆಸರುವಾಸಿ. ಡಾಕ್ಟರ್ ತೆಗೆದ ಸ್ಯಾಂಪಲ್‌ಗೆ ಇದು ಒಳ್ಳೆಯ ಪರೀಕ್ಷೆಯೇ. ಸ್ವಂತ ಸ್ಯಾಂಪಲ್‌ಗೆ ಬಂದಾಗ ಮಾತ್ರ ಎಡವುತ್ತದೆ: ಅದೇ 2018ರ ವಿಶ್ಲೇಷಣೆಯಲ್ಲಿ ಡಾಕ್ಟರ್ ಸ್ಯಾಂಪಲ್‌ನಲ್ಲಿ 100 ಸಿಕ್ಕಲ್ಲಿ ಸ್ವಂತದ್ದರಲ್ಲಿ ಸಿಕ್ಕಿದ್ದು 85. ಹದಿನೈದು ಜನ ಅಂದರೆ ಕಡಿಮೆ ಅಲ್ಲ.

ಮೂರನೆಯದು ಡಿಎನ್ಎ ಬದಲು ಎಂಆರ್‌ಎನ್ಎ, ಅಂದರೆ ವೈರಸ್ ತನ್ನ ಡಿಎನ್ಎಯಿಂದ ಬರೆದುಕೊಳ್ಳುವ ಸಂದೇಶದ ಪ್ರತಿಯನ್ನು ನೋಡುವ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಕೊನೆಯಲ್ಲಿ ಇದಕ್ಕೂ ಒಪ್ಪಿಗೆ ಕೊಟ್ಟಿತು. ಆದರೆ ಷರತ್ತು ಹಾಕಿತು: ಸ್ಯಾಂಪಲ್ ಅನ್ನು ಆರೋಗ್ಯ ಸಿಬ್ಬಂದಿಯೇ ತೆಗೆದಿರಬೇಕು. ಡಿಎನ್ಎ ಪರೀಕ್ಷೆಗೆ ಆ ಷರತ್ತಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ, ಸ್ವಂತ ಸ್ಯಾಂಪಲ್ ತೆಗೆದು ಎಂಆರ್‌ಎನ್ಎ ಪರೀಕ್ಷೆಗೆ ದುಡ್ಡು ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಪಿಸಿಆರ್‌ನ ಒಳಗೂ ಒಂದು ಮಾತು ಕೇಳಬೇಕು: ಎಷ್ಟು ಬಗೆಯ ಎಚ್‌ಪಿವಿ ನೋಡುತ್ತದೆ? ದೊಡ್ಡ ಲ್ಯಾಬ್‌ಗಳ ಯಂತ್ರಗಳು ಸಾಮಾನ್ಯವಾಗಿ 14 ಬಗೆ ನೋಡುತ್ತವೆ. ಕ್ಷಯ ಮತ್ತು ಕೋವಿಡ್ ಪರೀಕ್ಷೆಯಿಂದ ನಮಗೆ ಪರಿಚಯವಾದ ಟ್ರೂನ್ಯಾಟ್ ಅನ್ನೇ ನೋಡಿ. ಅದನ್ನು ಬೆಳೆಸಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್. ಅದರ ಒಂದು ಎಚ್‌ಪಿವಿ ಚಿಪ್ 16, 18, 31, 45 ಎಂಬ ನಾಲ್ಕನ್ನೇ ನೋಡುತ್ತದೆ. ಸಣ್ಣ ಯಂತ್ರ, ತಾಲ್ಲೂಕು ಆಸ್ಪತ್ರೆಯಲ್ಲೂ ಇಡಬಹುದು, ಅದು ದೊಡ್ಡ ಅನುಕೂಲ. ಬಹುಪಾಲು ಕ್ಯಾನ್ಸರ್‌ಗೆ ಕಾರಣವಾಗುವ ಬಗೆಗಳೂ ಇವೇ. ಆದರೆ ನಾಲ್ಕಕ್ಕೆ ನೆಗೆಟಿವ್ ಬರುವುದೂ ಹದಿನಾಲ್ಕಕ್ಕೆ ನೆಗೆಟಿವ್ ಬರುವುದೂ ಒಂದೇ ಅಲ್ಲ. ರಿಪೋರ್ಟಿನಲ್ಲಿ ಬಗೆಗಳ ಪಟ್ಟಿ ಇದೆಯಾ ನೋಡಿಕೊಳ್ಳಿ.

ನೆದರ್ಲೆಂಡ್ಸ್ ಹೇಳಿದ್ದು

ಅಧ್ಯಯನಗಳ ಸರಾಸರಿಗಿಂತ ಒಂದು ದೇಶದ ಅನುಭವ ಸುಲಭವಾಗಿ ಅರ್ಥವಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ತಪಾಸಣೆಗೆ ಕರೆ ಬಂದ ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ರಷ್ ಕೊಟ್ಟರು, ಇನ್ನೊಂದಕ್ಕೆ ಡಾಕ್ಟರೇ ಸ್ಯಾಂಪಲ್ ತೆಗೆದರು. 2019ರಲ್ಲಿ ಫಲಿತಾಂಶ ಬಂತು. ಗಂಭೀರ ಬದಲಾವಣೆ ಹಿಡಿಯುವ ಪ್ರಮಾಣ ಸ್ವಂತ ಸ್ಯಾಂಪಲ್‌ನಲ್ಲಿ ಸುಮಾರು ಶೇ. 93, ಡಾಕ್ಟರ್ ಸ್ಯಾಂಪಲ್‌ನಲ್ಲಿ ಸುಮಾರು ಶೇ. 96. ಇಲ್ಲದವರಿಗೆ ಇಲ್ಲ ಎನ್ನುವುದು ಎರಡರಲ್ಲೂ ಶೇ. 94ರ ಆಸುಪಾಸು. ಮೂರು ಅಂಕದ ಅಂತರ ಮುಖ್ಯವಲ್ಲ ಎಂದು ಅವರು ತೀರ್ಮಾನಿಸಿದರು.

ಇದು ಅಧ್ಯಯನದ ಮಾತು. ದಿನನಿತ್ಯದ ಕಾರ್ಯಕ್ರಮದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೋಡಿದಾಗ ಸ್ವಂತ ಸ್ಯಾಂಪಲ್ ಇನ್ನೂ ಸ್ವಲ್ಪ ಹಿಂದೆ ಬಿದ್ದದ್ದೂ ಅಲ್ಲಿ ಕಂಡುಬಂತು. ಹಾಗಿದ್ದೂ ಆ ದೇಶ ಹಿಂದೆ ಸರಿಯಲಿಲ್ಲ. 2023ರಿಂದ ಎಲ್ಲರಿಗೂ ಈ ಆಯ್ಕೆಯನ್ನು ಇನ್ನಷ್ಟು ಸುಲಭ ಮಾಡಿತು. ಡಾಕ್ಟರ್ ಹತ್ತಿರ ಬರದೇ ಇರುವವರಲ್ಲಿ ಹಿಡಿಯುವ ಪ್ರಮಾಣ ಶೇ. 96 ಅಲ್ಲ, ಸೊನ್ನೆ. ಅದನ್ನು ಶೇ. 93ರ ಪಕ್ಕದಲ್ಲಿಟ್ಟು ನೋಡಬೇಕು.

ಪ್ಯಾಪ್ ಮತ್ತು ವಿಐಎ ಜೊತೆ ಹೋಲಿಸಿದರೆ

ನಮ್ಮಲ್ಲಿ ಹೋಲಿಕೆ ಇಲ್ಲಿಂದಲೇ ಶುರುವಾಗಬೇಕು. 2016ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡುವುದು ವಿಐಎ. ಗರ್ಭಕೋಶದ ಬಾಯಿಗೆ ತಿಳಿ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಕಾಣುತ್ತದಾ ಅಂತ ನೋಡುವುದು. ಖರ್ಚು ಕಡಿಮೆ, ಫಲಿತಾಂಶ ಅಲ್ಲೇ. ಮುಂಬೈ ಕೊಳೆಗೇರಿಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಇದರಿಂದಲೇ ಈ ಕ್ಯಾನ್ಸರ್‌ನ ಸಾವನ್ನು ಶೇ. 31ರಷ್ಟು ಇಳಿಸಿದರು. ಹಾಗಾಗಿ ವಿಐಎ ಅನ್ನು ಹಗುರವಾಗಿ ಕಾಣಬೇಡಿ. ಆದರೆ ನೋಡುವ ಕಣ್ಣಿನ ಅನುಭವದ ಮೇಲೆ ಎಲ್ಲವೂ ನಿಂತಿದೆ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿದುಬಿಡುವುದರಿಂದ ವಯಸ್ಸಾದವರಿಗೆ ಇದು ಅಷ್ಟು ಭರವಸೆಯದಲ್ಲ.

ಪ್ಯಾಪ್ ಸ್ಮಿಯರ್‌ನ ಕಥೆಯೂ ಹೀಗೆಯೇ. ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಿಶೀಲನೆಯಲ್ಲಿ ಎಚ್‌ಪಿವಿ ಪರೀಕ್ಷೆ ಸುಮಾರು ಶೇ. 90 ಕಾಯಿಲೆ ಹಿಡಿದರೆ ಹಳೆಯ ಮಾದರಿಯ ಪ್ಯಾಪ್ ಹಿಡಿದದ್ದು ಸುಮಾರು ಶೇ. 63.

ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಈ ಮೂರೂ ಪರೀಕ್ಷೆಗಳನ್ನು ಹೋಲಿಸಿ ನಡೆದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಧಾರಾಶಿವ ಎಂದು ಹೆಸರಾದ ಈ ಜಿಲ್ಲೆ ನಮ್ಮ ಬೀದರ್, ಕಲಬುರಗಿಯ ಪಕ್ಕದ್ದೇ. ಹಳ್ಳಿಗಳಲ್ಲಿರುವ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು: ಒಂದಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್, ಒಂದಕ್ಕೆ ವಿಐಎ, ಒಂದಕ್ಕೆ ಮಾಮೂಲಿ ಸೇವೆ. ಒಂದೇ ಒಂದು ಸಲ ಪರೀಕ್ಷೆ ಮಾಡಿ ಎಂಟು ವರ್ಷ ಗಮನಿಸಿದರು. 2009ರಲ್ಲಿ ಬಂದ ಫಲಿತಾಂಶ: ಮಾಮೂಲಿ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ 64 ಸಾವು, ಎಚ್‌ಪಿವಿ ಗುಂಪಿನಲ್ಲಿ 34. ಎರಡೂ ಮೂವತ್ತು ಸಾವಿರ ದಾಟಿದ ಗುಂಪುಗಳೇ. ಪ್ಯಾಪ್ ಮತ್ತು ವಿಐಎ ಗುಂಪಿನಲ್ಲಿ ಅಂತಹ ಸ್ಪಷ್ಟ ಇಳಿಕೆ ಕಾಣಲಿಲ್ಲ. ಇಲ್ಲಿ ಸ್ಯಾಂಪಲ್ ತೆಗೆದದ್ದು ಆರೋಗ್ಯ ಸಿಬ್ಬಂದಿ, ಬಳಸಿದ್ದು ಹೈಬ್ರಿಡ್ ಕ್ಯಾಪ್ಚರ್.

ಸ್ವಂತ ಸ್ಯಾಂಪಲ್‌ನ ಹಳ್ಳಿ ಅನುಭವ ಬೇಕಾದರೆ ಮೆಕ್ಸಿಕೋಗೆ ಹೋಗಬೇಕು. ಅಲ್ಲಿ ವೈದ್ಯರ ಸೌಲಭ್ಯ ಕಡಿಮೆ ಇದ್ದ ಊರುಗಳಲ್ಲಿ ಸುಮಾರು 25 ಸಾವಿರ ಹೆಂಗಸರ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೆಲವರು ಮನೆಯಲ್ಲೇ ಸ್ಯಾಂಪಲ್ ತೆಗೆದರು, ಉಳಿದವರು ಕ್ಲಿನಿಕ್‌ಗೆ ಹೋಗಿ ಪ್ಯಾಪ್ ಮಾಡಿಸಿದರು. ಸ್ವಂತ ಸ್ಯಾಂಪಲ್ ಗುಂಪಿನಲ್ಲಿ ಗಂಭೀರ ಬದಲಾವಣೆ 3.4 ಪಟ್ಟು, ಕ್ಯಾನ್ಸರ್ 4.2 ಪಟ್ಟು ಜಾಸ್ತಿ ಸಿಕ್ಕಿತು. ಗಮನಿಸಿ, ಅಲ್ಲೂ ಬಳಸಿದ್ದು ಸ್ವಂತ ಸ್ಯಾಂಪಲ್‌ಗೆ ಹಿಂದೆ ಬೀಳುತ್ತದೆ ಅಂತ ಮೇಲೆ ಹೇಳಿದ ಹಳೆಯ ವಿಧಾನವೇ. ಆದರೂ ಪ್ಯಾಪ್ ಅನ್ನು ಹಿಂದೆ ಹಾಕಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ಪ್ಯಾಪ್‌ನಲ್ಲಿ ಪಾಸಿಟಿವ್ ಬಂದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ನಿಜವಾಗಿ ಕಾಯಿಲೆ ಇತ್ತು. ಎಚ್‌ಪಿವಿ ಪಾಸಿಟಿವ್ ಬಂದವರಲ್ಲಿ ಎಂಟಕ್ಕೆ ಒಬ್ಬರಿಗೆ.

ನಮ್ಮ ಸ್ಥಿತಿ ಏನು ಅಂದರೆ, 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ಶೇ. 2ಕ್ಕಿಂತ ಕಡಿಮೆ. ಸ್ವಂತ ಸ್ಯಾಂಪಲ್ಲಾ ಡಾಕ್ಟರ್ ಸ್ಯಾಂಪಲ್ಲಾ ಅನ್ನುವ ಚರ್ಚೆ ಉಳಿದ 98 ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಯಬೇಕು.

ಹಾಗಾದರೆ ಯಾರಿಗೆ ಯಾವುದು

ಇದುವರೆಗೆ ಒಮ್ಮೆಯೂ ಮಾಡಿಸಿಲ್ಲ, ಸ್ಪೆಕ್ಯುಲಮ್ ಅಂದರೆ ಭಯ, ಗಂಡು ಡಾಕ್ಟರ್ ಅಂದರೆ ನಾಚಿಕೆ, ಮುಟ್ಟು ನಿಂತ ಮೇಲೆ ಒಳಪರೀಕ್ಷೆ ಅಂದರೆ ನೋವು, ಇಲ್ಲವೇ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ: ಇವರೆಲ್ಲರಿಗೂ ಸ್ವಂತ ಸ್ಯಾಂಪಲ್ ಒಳ್ಳೆಯ ಆಯ್ಕೆ. ನಿಮ್ಮ ಅಮ್ಮ, ಅತ್ತೆ ಇದೇ ಕಾರಣಕ್ಕೆ ಮುಂದೂಡುತ್ತಿದ್ದರೆ ಅವರಿಗೂ.

ಕೆಲವರು ಮಾತ್ರ ನೇರವಾಗಿ ಡಾಕ್ಟರ್ ಹತ್ತಿರವೇ ಹೋಗಬೇಕು. ಸಂಭೋಗದ ನಂತರ ರಕ್ತ ಕಾಣುವುದು, ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ, ವಾಸನೆಯ ಬಿಳಿಸೆರಗು ಇದ್ದರೆ ಯಾವ ಕಿಟ್ಟೂ ಬೇಡ. ಕಿಟ್ ಇರುವುದು ಲಕ್ಷಣ ಇಲ್ಲದವರಿಗೆ. ಲಕ್ಷಣ ಇರುವವರ ಗರ್ಭಕೋಶದ ಬಾಯನ್ನು ಕಣ್ಣಿಂದ ನೋಡಲೇಬೇಕು. ಹಿಂದೆ ಸಿಐಎನ್‌ಗೆ ಚಿಕಿತ್ಸೆ ಆದವರು, ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಬೇರೆ ಕಾರಣಕ್ಕೆ ಹೇಗೂ ಒಳಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದೀರಿ ಅಂದರೆ ಡಾಕ್ಟರ್ ಕೈಯಲ್ಲೇ ಸ್ಯಾಂಪಲ್ ತೆಗೆಸಿಬಿಡಿ. ಇದರಲ್ಲಿ ಒಂದು ನಿಜವಾದ ಲಾಭವಿದೆ. ಡಾಕ್ಟರ್ ತೆಗೆದ ದ್ರವದ ಬಾಟಲಿಯಿಂದ ಎಚ್‌ಪಿವಿ ಪಾಸಿಟಿವ್ ಬಂದರೆ ಅದೇ ಬಾಟಲಿಯಲ್ಲಿ ಪ್ಯಾಪ್ ಕೂಡ ನೋಡಬಹುದು. ಸ್ವಂತ ಸ್ಯಾಂಪಲ್‌ನಲ್ಲಿ ಅದು ಆಗುವುದಿಲ್ಲ, ಇನ್ನೊಂದು ಸಲ ಹೋಗಬೇಕು. ಎರಡು ದಾರಿಗಳ ನಡುವೆ ನಿಖರತೆಗಿಂತ ದೊಡ್ಡ ವ್ಯತ್ಯಾಸ ಇದು ಅಂತ ನನ್ನ ಅಭಿಪ್ರಾಯ. ಆ ಇನ್ನೊಂದು ಸಲ ಹೋಗುವುದು ನಿಮಗೆ ಕಷ್ಟವಾಗುತ್ತದೆ ಅನ್ನಿಸಿದರೆ ಈಗಲೇ ಯೋಚಿಸಿ.

ಗರ್ಭಕೋಶ ತೆಗೆಸಿದವರಿಗೆ ಒಂದು ಮಾತು. ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಈ ಆಪರೇಷನ್ ಆದವರು ಸಾಕಷ್ಟಿದ್ದಾರೆ. ಗರ್ಭಕೋಶದ ಬಾಯಿಯನ್ನೂ ತೆಗೆದಿದ್ದರೆ, ಹಿಂದೆ ಕ್ಯಾನ್ಸರ್ ಅಥವಾ ಅದರ ಮುಂಚಿನ ಬದಲಾವಣೆ ಇರದಿದ್ದರೆ, ಈ ತಪಾಸಣೆ ಬೇಡ. ಬಾಯಿಯನ್ನು ಉಳಿಸಿದ್ದರೆ ಬೇಕು. ಡಿಸ್ಚಾರ್ಜ್ ಚೀಟಿ ಹುಡುಕಿ ನೋಡಿ.

ವಯಸ್ಸು 30 ಆಗದವರು ಸುಮ್ಮನಿರುವುದೇ ಒಳ್ಳೆಯದು. ಆ ವಯಸ್ಸಿನಲ್ಲಿ ಎಚ್‌ಪಿವಿ ಬಂದು ಹೋಗುವುದು ತೀರಾ ಸಾಮಾನ್ಯ, ಬಹುತೇಕ ಎರಡು ವರ್ಷದಲ್ಲಿ ದೇಹವೇ ಓಡಿಸಿಬಿಡುತ್ತದೆ. ಎಚ್‌ಐವಿ ಇರುವವರು ಮಾತ್ರ 25ಕ್ಕೇ ಶುರು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ಬೇಕು.

ಮನೆಯಲ್ಲಾ, ಆಸ್ಪತ್ರೆಯ ಬಾತ್‌ರೂಮಿನಲ್ಲಾ

ನಿಖರತೆಯ ದೃಷ್ಟಿಯಿಂದ ಹೆಚ್ಚು ವ್ಯತ್ಯಾಸವಿಲ್ಲ. ಅಮೆರಿಕ 2024ರ ಮೇನಲ್ಲಿ ಮೊದಲು ಆಸ್ಪತ್ರೆ ಕ್ಲಿನಿಕ್‌ಗಳಲ್ಲಿ ಮಾತ್ರ ಒಪ್ಪಿತು, ಮನೆಯಲ್ಲಿ ತೆಗೆಯುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಮೇನಲ್ಲಿ. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ತಪಾಸಣೆ ವಯಸ್ಸಿನ ಎಲ್ಲರಿಗೂ ಸ್ವಂತ ಸ್ಯಾಂಪಲ್ ಆಯ್ಕೆ ಇದೆ. ಅಲ್ಲಿರುವ ಕನ್ನಡಿಗರು ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಬಾಯಿಬಿಟ್ಟು ಕೇಳಿದರೆ ಸಾಕು. ಕರ್ನಾಟಕದ ಹಳ್ಳಿಗಳಲ್ಲೂ ಸ್ವಂತ ಸ್ಯಾಂಪಲ್ ಬಗ್ಗೆ ಅಧ್ಯಯನಗಳು ನಡೆದಿವೆ. ಆದರೆ ಸರ್ಕಾರಿ ಕಾರ್ಯಕ್ರಮದಲ್ಲಿ ವಿಐಎಯೇ ಆಧಾರ. ಸ್ವಂತ ಸ್ಯಾಂಪಲ್ ಬೇಕೆಂದರೆ ಹೆಚ್ಚಾಗಿ ಖಾಸಗಿ ಲ್ಯಾಬ್ ಅಥವಾ ಯಾವುದಾದರೂ ಶಿಬಿರ.

ತೆಗೆಯುವುದು ಕಷ್ಟವಲ್ಲ. ಕೈ ತೊಳೆದು, ಒಂದು ಕಾಲು ಎತ್ತರಕ್ಕಿಟ್ಟು ಅಥವಾ ಕುಕ್ಕರಗಾಲಲ್ಲಿ ಕೂತು, ಸ್ವ್ಯಾಬ್ ಅನ್ನು ಸುಮಾರು ಎರಡು ಇಂಚು ಒಳಗೆ ಬಿಟ್ಟು, ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ತಿರುಗಿಸಿ ತೆಗೆಯಬೇಕು. ತುದಿಯನ್ನು ಬೇರೆ ಎಲ್ಲೂ ಮುಟ್ಟಿಸಬಾರದು. ಗರ್ಭಕೋಶದ ಬಾಯಿ ಸಿಕ್ಕಿತಾ ಇಲ್ಲವಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಿಗಬೇಕಾಗಿಯೇ ಇಲ್ಲ. ಮುಟ್ಟಿನ ಜೋರಾದ ದಿನಗಳನ್ನು ಬಿಟ್ಟುಬಿಡಿ. ಒಳಗೆ ನೀರು, ಸೋಪು ಹಾಕಿ ತೊಳೆದುಕೊಳ್ಳಬೇಡಿ. ಬ್ರಷ್ಷೋ ಸ್ವ್ಯಾಬೋ, ಒಣಗಿದ್ದೋ ದ್ರವದ್ದೋ ಅನ್ನುವುದು ಅಷ್ಟು ಮುಖ್ಯವಲ್ಲ. ಆ ಲ್ಯಾಬ್ ಆ ಸಾಧನವನ್ನು ತನ್ನ ಯಂತ್ರದಲ್ಲಿ ಪರೀಕ್ಷಿಸಿ ನೋಡಿರಬೇಕು, ಅಷ್ಟೇ. ಒಂದು ಕಂಪನಿಯ ಬ್ರಷ್ ಇನ್ನೊಂದರ ಟ್ಯೂಬಿಗೆ ಹಾಕಬೇಡಿ.

ಮೂತ್ರದಲ್ಲೂ ಎಚ್‌ಪಿವಿ ಪರೀಕ್ಷೆ ಮಾಡುತ್ತಾರೆ. ಮೊದಲ ಧಾರೆಯ ಮೂತ್ರ ಹಿಡಿದು ಪಿಸಿಆರ್ ಮಾಡಿದರೆ ಫಲಿತಾಂಶ ಆಶಾದಾಯಕವಾಗಿದೆ. ಆದರೂ ಸ್ವ್ಯಾಬ್ ಹಾಕಿಕೊಳ್ಳಲು ಒಪ್ಪುವವರು ಸದ್ಯಕ್ಕೆ ಸ್ವ್ಯಾಬ್ ಅನ್ನೇ ಆರಿಸಿಕೊಳ್ಳುವುದು ಮೇಲು.

ರಿಪೋರ್ಟ್ ಬಂದ ಮೇಲೆ

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ವೈರಸ್ ಇದೆ ಅಂತ ಮಾತ್ರ. ಅದು ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹತ್ತಾರು ವರ್ಷ ಹಿಂದಿನದ್ದೂ ಇರಬಹುದು. ಈ ರಿಪೋರ್ಟ್ ಹಿಡಿದು ಗಂಡ ಹೆಂಡಿರು ಜಗಳವಾಡುವುದರಲ್ಲಿ ಅರ್ಥವಿಲ್ಲ. 16 ಅಥವಾ 18 ಬಂದರೆ ನೇರ ಕಾಲ್ಪೊಸ್ಕೋಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ನೋಡುವುದು), ಬೇರೆ ಬಗೆಯಾದರೆ ಡಾಕ್ಟರ್ ಹತ್ತಿರ ಪ್ಯಾಪ್ ಅಥವಾ ವಿಐಎ ಮಾಡಿಸಿ ಮುಂದಿನ ತೀರ್ಮಾನ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು, ಬೆಂಗಳೂರಿನ ಕಿದ್ವಾಯಿಯಂತಹ ಕಡೆ ಎಲ್ಲಿ ಕಾಲ್ಪೊಸ್ಕೋಪಿ ಮಾಡುತ್ತಾರೆ ಅಂತ ಕಿಟ್ ತರಿಸುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. 'ಸ್ಯಾಂಪಲ್ ಸರಿ ಇಲ್ಲ' ಎಂದು ಬಂದರೆ ಅದು ನೆಗೆಟಿವ್ ಅಲ್ಲ, ಮತ್ತೆ ಕೊಡಬೇಕು.

ನೆಗೆಟಿವ್ ಬಂದರೆ ಎಷ್ಟು ವರ್ಷ ನಿಶ್ಚಿಂತೆ? ಇಲ್ಲಿ ದೇಶಗಳು ಒಂದೇ ಮಾತು ಹೇಳುವುದಿಲ್ಲ. ಆಸ್ಟ್ರೇಲಿಯಾ ಸ್ವಂತ ಸ್ಯಾಂಪಲ್‌ಗೂ ಡಾಕ್ಟರ್ ಸ್ಯಾಂಪಲ್‌ನಷ್ಟೇ 5 ವರ್ಷ ಕೊಡುತ್ತದೆ. ಅಮೆರಿಕದ ಕೆಲವು ಮಾರ್ಗಸೂಚಿಗಳು ಡಾಕ್ಟರ್ ತೆಗೆದದ್ದಕ್ಕೆ 5, ಸ್ವಂತದ್ದಕ್ಕೆ 3 ಎನ್ನುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಮಹಿಳೆಯರಿಗೆ 5ರಿಂದ 10 ವರ್ಷ ಎನ್ನುತ್ತದೆ. ಪಿಸಿಆರ್, 14 ಬಗೆ, ಸ್ಯಾಂಪಲ್ ಸರಿಯಿತ್ತು ಎಂದು ರಿಪೋರ್ಟಿನಲ್ಲಿದ್ದರೆ 5 ವರ್ಷ ಸಾಕು ಅನ್ನಿಸುತ್ತದೆ. ನಡುವೆ ರಕ್ತ ಕಂಡರೆ ಮಾತ್ರ ಈ ಲೆಕ್ಕ ಬಿಟ್ಟು ಅಂದೇ ಡಾಕ್ಟರ್ ಹತ್ತಿರ ಹೋಗಿ.

ಲ್ಯಾಬ್‌ಗೆ ಫೋನ್ ಮಾಡಿದಾಗ ಕೇಳಬೇಕಾದದ್ದು ಇಷ್ಟು: ಪಿಸಿಆರಾ? ಡಿಎನ್ಎಯಾ, ಎಂಆರ್‌ಎನ್ಎಯಾ? ಎಷ್ಟು ಬಗೆ, 16 ಮತ್ತು 18 ಬೇರೆಯಾಗಿ ತೋರಿಸುತ್ತೀರಾ? ಸ್ಯಾಂಪಲ್‌ನಲ್ಲಿ ಮನುಷ್ಯರ ಜೀವಕೋಶ ಸಾಕಷ್ಟಿತ್ತಾ ಅಂತ ಯಂತ್ರವೇ ನೋಡುತ್ತದಾ? ಸ್ವಂತ ಸ್ಯಾಂಪಲ್‌ಗೆ ಈ ಪರೀಕ್ಷೆಯನ್ನು ಒಪ್ಪಿದ್ದಾರಾ? ಫೋನ್ ಎತ್ತಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಪ್ಯಾಥಾಲಜಿ ಡಾಕ್ಟರಿಗೆ ಕೊಡಿ ಎನ್ನಿ. ಅವರೂ ತಡವರಿಸಿದರೆ ಬೇರೆ ಲ್ಯಾಬ್ ನೋಡಿ.